ಸ್ಟೇಜು ಎಂಬ ಶಬ್ದದ ಚರಿತ್ರೆ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಹುಟ್ಟು, ಪ್ರವಾಸ, ನೆಲಸುವಿಕೆಗಳುಂಟು. ಬೆಂಗಳೂರಿನ ದಕ್ಷಿಣಭಾಗದಲ್ಲಿ ವಾಸಮಾಡುವ ಗೃಹಸ್ಥನು ‘ತಮ್ಮ ಮನೆಯೆಲ್ಲಿ?’ ಎಂದು ಕೇಳಿದವರಿಗೆ ‘ಬನಶಂಕರಿ ಎರಡನೆಯ ಸ್ಟೇಜು’ ಎಂದು ಉತ್ತರವೀಯುವನು. ಬಸ್ಸನ್ನು ಹತ್ತಿದಾಗ ಆತನು ತೆರುವ ದರವೂ ಸ್ಟೇಜುಗಳ ಲೆಕ್ಕದ್ದೇ. ಸಂಜೆ ನಾಟಕಕ್ಕೆ ಹೋದರೆ ಸ್ಟೇಜಿನ ಅಲಂಕಾರವನ್ನು ಹೊಗಳುವನು; ಬಂಧುವೊಬ್ಬರ ರೋಗದ ಸಮಾಚಾರ ಬಂದರೆ ‘ಯಾವ ಸ್ಟೇಜಿನಲ್ಲಿದೆ?’ ಎಂದು ಕಳವಳದಿಂದ ಕೇಳುವನು. ಮನೆ, ದಾರಿ, ರಂಗ, ರೋಗ ಎಂಬ ಈ ನಾಲ್ಕಕ್ಕೂ ಒಂದೇ ಮಾತು ಒದಗಿದ ಬಗೆಯು ವಿಚಾರಾರ್ಹವಾದುದು.

ಈ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಸ್ತಾರೆ’, ಅಂದರೆ ನಿಲ್ಲುವುದು. ಸಂಸ್ಕೃತದ ‘ಷ್ಠಾ ಗತಿನಿವೃತ್ತೌ’ ಧಾತುವಿಗೂ ಇದಕ್ಕೂ ಸಹೋದರ ಸಂಬಂಧವೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಆದುದರಿಂದ ಸ್ಥಾನ, ಸ್ಥಿತಿ, ಅವಸ್ಥೆ ಇವೆಲ್ಲವೂ ಸ್ಟೇಜಿಗೆ ದಾಯಾದಿಗಳೇ ಸರಿ. ಪ್ರಾಚೀನ ಫ್ರೆಂಚ್ ಭಾಷೆಯಲ್ಲಿ ‘ಎಸ್ತಾಜ್’ ಎಂದರೆ ವಾಸಸ್ಥಾನ, ಮನೆಯ ಅಂತಸ್ತು. ಅದು ಇಂಗ್ಲಿಷಿಗೆ ಬಂದು ಮೊದಲು ಅಂತಸ್ತೆಂದೂ, ಬಳಿಕ ಎತ್ತರದ ಜಗಲಿಯೆಂದೂ, ಆ ಜಗಲಿಯ ಮೇಲೆ ನಟರು ನಿಂತುದರಿಂದ ರಂಗವೆಂದೂ ಅರ್ಥಕೊಟ್ಟಿತು. ದೂರಪ್ರಯಾಣದ ಗಾಡಿಗಳು ಕುದುರೆಗಳನ್ನು ಬದಲಾಯಿಸಲು ನಿಲ್ಲುತ್ತಿದ್ದ ತಂಗುದಾಣವೂ ಸ್ಟೇಜೇ. ಎರಡು ತಂಗುದಾಣಗಳ ನಡುವಣ ದೂರವೂ ಸ್ಟೇಜೇ. ನಮ್ಮ ದೇಶದ 1939ರ ಮೋಟಾರು ವಾಹನ ಶಾಸನದಲ್ಲಿಯೂ, ಅದರ ಸ್ಥಾನದಲ್ಲಿ ಬಂದ 1988ರ ಶಾಸನದಲ್ಲಿಯೂ ಬಸ್ಸಿಗೆ ‘ಸ್ಟೇಜ್ ಕ್ಯಾರೇಜ್’ ಎಂಬ ಹೆಸರು ಉಳಿದಿರುವುದು ಆ ಕುದುರೆಗಾಡಿಯ ಕಾಲದ ನೆನಪೇ. ದಾರಿಯ ಭಾಗವನ್ನು ಹೇಳುವ ಮಾತು ಕಾಲದ ಭಾಗಕ್ಕೂ ಸಲ್ಲುವುದು ಸಹಜವಾದುದರಿಂದ, ರೋಗದ ಅವಸ್ಥೆಯೂ ಕಾರ್ಯದ ಹಂತವೂ ಸ್ಟೇಜೆನಿಸಿಕೊಂಡುವು.

ಇದು ಇಂಗ್ಲಿಷಿಗೆ ಮಾತ್ರ ಒಲಿದ ಭಾಗ್ಯವೆಂದು ತಿಳಿಯಲಾಗದು. ‘ಮಂಜಿಲ್’ ಎಂಬ ಅರಬ್ಬೀ ಶಬ್ದಕ್ಕೆ ಇಳಿದುಕೊಳ್ಳುವ ಸ್ಥಳವೆಂದು ಅರ್ಥ. ಹಿಂದೂಸ್ಥಾನಿಯಲ್ಲಿ ಅದು ತಂಗುದಾಣವೂ ಹೌದು, ಮನೆಯ ಅಂತಸ್ತೂ ಹೌದು. ಕನ್ನಡಕ್ಕೆ ಅದು ‘ಮಜಲು’ ಎಂದಾಗಿ ಬಂದಿತು. ಹಿಂದೆ ದಾರಿಹೋಕನು ದಿನಕ್ಕೊಂದು ಮಜಲು ನಡೆಯುತ್ತಿದ್ದರೆ, ಈಗಿನ ಲೇಖಕರು ಸಾಹಿತ್ಯದ ಮಜಲುಗಳನ್ನು ವಿಮರ್ಶಿಸುವರು. ದಾರಿ, ಮನೆ, ಕಾಲ ಇವುಗಳನ್ನು ಒಂದೇ ಶಬ್ದದಿಂದ ಅಳೆಯುವುದು ಮನುಷ್ಯಸ್ವಭಾವವೆಂದೇ ತೋರುವುದು.

ಇನ್ನು ಈ ಶಬ್ದವು ಬೆಂಗಳೂರಿನ ನೆಲದಲ್ಲಿ ನೆಲಸಿದ ಕಥೆ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳನ್ನು ‘ಎಕ್ಸ್‌ಟೆನ್ಷನ್’ ಎಂದು ಕರೆದರು. ಊರು ಹಬ್ಬಿದ ಬಗೆಯನ್ನು ಆ ಮಾತು ಹೇಳಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಏರ್ಪಟ್ಟಿತು. 1948ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಜಯನಗರವು ಆರಂಭವಾಗಿ, ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಅಲ್ಲಿಯ ಅಶೋಕಸ್ತಂಭವನ್ನು ಉದ್ಘಾಟಿಸಿದರು. ಆ ನಗರವನ್ನು ‘ಬ್ಲಾಕು’ಗಳಾಗಿ ವಿಭಾಗಿಸಿದರು, ಅದು ಆಕಾರದ ಮಾತು. ಅದರಾಚೆ ಕನಕಪುರದ ರಸ್ತೆಯ ಅಮ್ಮನವರ ಗುಡಿಯಿಂದ ಹೆಸರು ಪಡೆದ ಬನಶಂಕರಿಗಾದರೋ ‘ಸ್ಟೇಜು’ ಬಂದಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಸ್ಥಾಪಿತವಾದ ಮೇಲೂ ಆ ಎಣಿಕೆಯು ನಿಲ್ಲದೆ ಆರನೆಯ ಸ್ಟೇಜಿನವರೆಗೆ ಸಾಗಿತು. ಜಯಪ್ರಕಾಶ ನಾರಾಯಣರ ಹೆಸರಿನ ನಗರಕ್ಕೆ ‘ಫೇಸು’ಗಳು ದೊರಕಿದುವು, ಚಂದ್ರನ ಕಲೆಗಳಿಗೆ ಇಂಗ್ಲಿಷರು ಹೇಳುವ ಮಾತೇ ಅದು. ಸ್ಟೇಜು, ಫೇಸು ಎರಡೂ ಕಾಲವಾಚಕಗಳೆಂಬುದನ್ನು ವಾಚಕರು ಗಮನಿಸಬೇಕು. ಬೇಸಾಯದ ಭೂಮಿಯನ್ನು ಒಮ್ಮೆಗೇ ಕೊಳ್ಳಲಾಗದು, ಒಮ್ಮೆಗೇ ನಿವೇಶನಗಳನ್ನು ಹಂಚಲಾಗದು. ಕೆಲಸವು ಹಂತಹಂತವಾಗಿ ಸಾಗತಕ್ಕದ್ದು. ಕಡತದಲ್ಲಿ ಕೆಲಸದ ಹಂತವಾಗಿದ್ದುದು ರಸ್ತೆಯ ಫಲಕದಲ್ಲಿ ಊರಿನ ಹೆಸರಾಯಿತು. ಕೆಲಸ ಮುಗಿದು ದಶಕಗಳು ಕಳೆದರೂ ಹಂತವು ಮಾತ್ರ ಹಾಗೆಯೇ ನಿಂತಿರುವುದು.

ಆ ಮಾತು ನಿಂತ ನೆಲವು ಹೆಸರಿಲ್ಲದ ಬಯಲಾಗಿರಲಿಲ್ಲ. ಕದಿರೇನಹಳ್ಳಿ, ಕತ್ತರಿಗುಪ್ಪೆ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು ಇವು ಉತ್ತು ಬಿತ್ತಿದವರ ಊರುಗಳು. ಬಿ.ಟಿ.ಎಂ. ಬಡಾವಣೆಯ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಆದ್ಯಕ್ಷರಗಳು. ‘ಸಂದ್ರ’ವೆಂದರೆ ಸಮುದ್ರ, ಎಂದರೆ ದೊಡ್ಡ ಕೆರೆ; ಮಡಿವಾಳವು ಅಗಸರ ಹೆಸರನ್ನು ಹೊತ್ತ ಊರು. ಅಲ್ಲಿಯ ಸೋಮೇಶ್ವರ ದೇವಾಲಯದ ಹೊರಗೋಡೆಗಳಲ್ಲಿ ಹಳೆಯ ತಮಿಳು ಶಾಸನಗಳುಂಟು. ಅವುಗಳಲ್ಲೊಂದು 1247ನೆಯ ಇಸವಿಯದು. ಕೆರೆಯ, ತಾವರೆಯ, ಕುಲವೃತ್ತಿಯ ನೆನಪನ್ನು ಶತಮಾನಗಳಿಂದ ಹೊತ್ತಿದ್ದ ಹೆಸರುಗಳು ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಕುಗ್ಗಿರಲು, ಅವುಗಳ ಪಕ್ಕದಲ್ಲಿ ‘ಮೊದಲನೆಯ ಸ್ಟೇಜು, ಎರಡನೆಯ ಸ್ಟೇಜು’ ಎಂಬ ಎಣಿಕೆಯು ಪೂರ್ಣಶಬ್ದವಾಗಿ ವಿರಾಜಿಸುತ್ತಿರುವುದು. ಅಲ್ಲಿಯೇ ಬೆಳೆದ ಬಾಲಕನಿಗೆ ‘ಬಿ’ ಎಂದರೇನೆಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ.

ಇದರಲ್ಲಿ ಶಬ್ದದ ಅಪರಾಧವೇನೂ ಇಲ್ಲ. ಬಂದ ಅತಿಥಿಯನ್ನು ಕನ್ನಡವು ಎಂದೂ ಹೊರದೂಡಿದುದಿಲ್ಲ. ‘ಸ್ಟೇಜಿನಲ್ಲಿ’, ‘ಸ್ಟೇಜಿಗೆ’ ಎಂದು ವಿಭಕ್ತಿಗಳನ್ನು ತೊಡಿಸಿ ಮನೆಯವನನ್ನಾಗಿಯೇ ಮಾಡಿಕೊಂಡಿತು. ಆದರೆ ಅತಿಥಿ ಬಂದನೆಂದು ಮನೆಯ ಹಿರಿಯರನ್ನು ಮರೆಯುವುದು ಗೃಹಸ್ಥಧರ್ಮವಲ್ಲ. ವಿಳಾಸವನ್ನು ಬರೆಯುವಾಗ ಸ್ಟೇಜಿನ ಸಂಖ್ಯೆಯೊಡನೆ ಆ ನೆಲದ ಹಳೆಯ ಊರಿನ ಹೆಸರನ್ನೂ ಬರೆಯುವುದಕ್ಕೆ ಯಾವ ಕಾಸೂ ವೆಚ್ಚವಾಗದು. ಮಕ್ಕಳಿಗೆ ‘ಇಲ್ಲಿ ಕೆರೆಯಿತ್ತು, ಇಲ್ಲಿ ಗದ್ದೆಯಿತ್ತು’ ಎಂದು ಒಮ್ಮೆ ತೋರಿಸಿ ಹೇಳಿದರೆ, ನಿಲ್ಲುವುದೆಂಬ ಧಾತುವಿನಿಂದ ಹುಟ್ಟಿದ ಆ ಶಬ್ದದ ಪಕ್ಕದಲ್ಲಿ ಊರಿನ ಹೆಸರೂ ನಿಂತೀತು.