ಗಾಡಿಯ ಹೊಟ್ಟೆಗೊಂದು ತಗಡು

ಗೆಳೆಯನೊಬ್ಬ ಎರಡು ವರ್ಷ ಕೂತು ಒಂದು ಬಗ್ಗಿ ಕಟ್ಟಿದ. ಕಬ್ಬಿಣದ ಪೈಪಿನ ಗೂಡು, ಗುಜರಿಯಿಂದ ತಂದ ಇಂಜಿನ್, ಎರಡು ಸೀಟು, ದಪ್ಪ ಟೈರು. ಬಾಗಿಲಿಲ್ಲ, ಗಾಜಿಲ್ಲ. ಸಂಡೂರಿನ ಕಡೆ ಅವನ ಮಾವನ ಹೊಲ ಇದೆ, ಅಲ್ಲಿ ಓಡಿಸೋಣ ಅಂತ ನಮ್ಮನ್ನೆಲ್ಲ ಕರೆದಿದ್ದ. ಮೊದಲ ಅರ್ಧ ಗಂಟೆ ನಮಗಿಂತ ಖುಷಿಯಾದವರು ಜಗತ್ತಲ್ಲಿ ಯಾರೂ ಇರಲಿಲ್ಲ. ಆಮೇಲೆ ಕೆಳಗಿಂದ 'ಟಕ್' ಅಂತ ಒಂದು ಸದ್ದು. ಇಳಿದು ನೋಡಿದ್ರೆ ಕೆಂಪು ಮಣ್ಣಿನ ಮೇಲೆ ಕಪ್ಪು ಗೆರೆ. ಮುಷ್ಟಿ ಗಾತ್ರದ ಕಲ್ಲೊಂದು ಆಯಿಲ್ ಸಂಪ್ ಸೀಳಿತ್ತು.

ಎರಡು ವರ್ಷ ಅವನು ಬಣ್ಣದ ಬಗ್ಗೆ ಯೋಚಿಸಿದ್ದ, ಲೈಟಿನ ಬಗ್ಗೆ ಯೋಚಿಸಿದ್ದ, ಸ್ಟೀರಿಂಗಿಗೆ ಯಾವ ಚರ್ಮ ಸುತ್ತಬೇಕು ಅಂತ ಮೂರು ದಿನ ನಮ್ಮ ತಲೆ ತಿಂದಿದ್ದ. ಗಾಡಿಯ ಹೊಟ್ಟೆಯ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

ಮರುದಿನ ಹೊಸಪೇಟೆಯ ಒಂದು ವೆಲ್ಡಿಂಗ್ ಅಂಗಡಿ. ಅಲ್ಲಿನ ಮೇಸ್ತ್ರಿ ಗಾಡಿ ಕೆಳಗೆ ತೂರಿ, ಸುಮಾರು ಹೊತ್ತು ಮಲಗಿದ್ದು ಎದ್ದು ಬಂದು ಒಂದೇ ಮಾತು ಹೇಳಿದರು: 'ಕಲ್ಲು ತಡೆಯೋಕೆ ಹೋಗಬ್ಯಾಡ್ರಿ, ಜಾರಿಸ್ರಿ.' ಸ್ಕಿಡ್ ಪ್ಲೇಟಿನ ಇಡೀ ಶಾಸ್ತ್ರ ಅಷ್ಟೇ. ತಗಡಿನ ಮುಂತುದಿಯನ್ನು ದೋಣಿಯ ಮೂತಿ ಥರ ಮೇಲಕ್ಕೆ ಬಾಗಿಸಬೇಕು, ಇಲ್ಲದಿದ್ರೆ ಅದೇ ನೇಗಿಲಾಗಿ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ಬೋಲ್ಟಿನ ತಲೆ ತಗಡಿನೊಳಗೆ ಹುದುಗಿರಬೇಕು. ಹೊರಗೆ ಚಾಚಿದ್ರೆ ಮೊದಲ ಬಂಡೆಯೇ ಅದನ್ನ ಕತ್ತರಿಸಿ ಹಾಕುತ್ತೆ. ಆಯಿಲ್ ಬದಲಿಸೋಕೆ, ಸೇರಿದ ಮಣ್ಣು ನೀರು ಇಳಿದು ಹೋಗೋಕೆ ತೂತು ಬೇಕು. ತಗಡು ಸಂಪಿಗೆ ಅಂಟಿಕೊಂಡಿರಬಾರದು, ನಡುವೆ ಒಂದೆರಡು ಬೆರಳು ಜಾಗ ಬೇಕು, ಯಾಕಂದ್ರೆ ಏಟು ಬಿದ್ದಾಗ ತಗಡೂ ಬಾಗುತ್ತೆ. ಏಟಿನ ಭಾರ ಹೋಗಬೇಕಾದ್ದು ಚಾಸಿಗೆ, ಇಂಜಿನ್ನಿಗಲ್ಲ. ಎರಡಡಿ ಅಗಲ, ಮೂರಡಿ ಉದ್ದ, 5 ಮಿಲಿಮೀಟರ್ ಉಕ್ಕು ಅಂದ್ರೆ ಹತ್ತಿರ ಹತ್ತಿರ 22 ಕೆಜಿ. 6 ಮಿಲಿಮೀಟರ್ ಅಲ್ಯೂಮಿನಿಯಂ ಆಗಿದ್ದರೆ 9 ಕೆಜಿಗೆ ಮುಗಿಯುತ್ತಿತ್ತು, ಹಗುರವಾದ ಬಗ್ಗಿಗೆ ಅದೇ ಸರಿ ಅಂತ ಓದಿಕೊಂಡು ಬಂದ ಗೆಳೆಯ ವಾದ ಮಾಡಿದ. ಮೇಸ್ತ್ರಿ ಒಪ್ಪಲಿಲ್ಲ. ಉಕ್ಕು ತಗ್ಗು ಬಿದ್ರೆ ಸುತ್ತಿಗೇಲಿ ಸರಿ ಮಾಡಬಹುದು, ಸೀಳಿದ್ರೆ ಯಾವ ಹಳ್ಳಿಯಲ್ಲಾದ್ರೂ ವೆಲ್ಡ್ ಮಾಡಿಸಬಹುದು ಅನ್ನೋದು ಅವರ ಲೆಕ್ಕ.

ಅವರು ಸೀಮೆಸುಣ್ಣದಲ್ಲಿ ತಗಡಿನ ಮೇಲೆ ಗೆರೆ ಎಳೀತಿದ್ದಾಗ ನನಗೆ ಹೊಳೆದದ್ದು, ಈ ಊರುಗಳಿಗೆ ಇದು ಹೊಸ ಸಮಸ್ಯೆ ಅಲ್ಲವೇ ಅಲ್ಲ ಅಂತ. ಹಂಪಿ ಸುತ್ತಲಿನ ಬಂಡೆಗಳು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಅದರ ಮೇಲೆ ಏನು ಓಡಿಸಿದ್ರೂ, ಏನು ತೇಲಿಸಿದ್ರೂ ಅಡಿ ಸವೀತದೆ. ಇಲ್ಲಿ ರಾಜಧಾನಿ ಕಟ್ಟಿದವರಿಗೆ ಅಡಿಯ ಚಿಂತೆ ಇರದೇ ಇರುತ್ತಾ?

1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಅವನು ಬರೆದ ಅರಮನೆ, ಮಹಾನವಮಿ, ಬಜಾರಿನ ವರ್ಣನೆಗಳನ್ನ ಎಲ್ಲರೂ ಉಲ್ಲೇಖಿಸ್ತಾರೆ. ನನಗೆ ಇಷ್ಟವಾಗೋದು ಆನೆಗೊಂದಿಗೆ ಹೊಳೆ ದಾಟುವ ಕೆಲವೇ ಸಾಲುಗಳು. ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದ್ರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗಲ್ಲ, ಸುತ್ತುತ್ತಲೇ ಇರುತ್ತೆ ಅಂತ ಅವನ ವರದಿ. ನಮ್ಮ ಹರಿಗೋಲು! ಇವತ್ತು ಪ್ರವಾಸಿಗರನ್ನ ಕೂರಿಸಿಕೊಂಡು ರೀಲ್ಸ್‌ಗೋಸ್ಕರ ಗಿರಗಿರ ತಿರುಗಿಸ್ತಾರಲ್ಲ, ಅದೇ.

ಈ ಹರಿಗೋಲನ್ನ ಬಡವರ ದೋಣಿ ಅಂತ ನೋಡೋದು ತಪ್ಪು. ಬೇಸಿಗೆಯಲ್ಲಿ ತುಂಗಭದ್ರೆಯ ನೀರಿನಡಿ ಎಲ್ಲೆಲ್ಲೂ ಬಂಡೆ. ಚೂಪು ತಳದ ಮರದ ದೋಣಿ ಇಲ್ಲಿ ಬಂದಿದ್ರೆ ನಮ್ಮ ಸಂಪಿನ ಗತಿಯೇ ಆಗ್ತಿತ್ತು. ಹರಿಗೋಲಿನ ತಳ ಚಪ್ಪಟೆ, ಗೇಣುದ್ದ ನೀರಿದ್ರೆ ತೇಲುತ್ತೆ. ಬಂಡೆ ತಗುಲಿದ್ರೆ ಹೆಣಿಗೆ ಬಾಗುತ್ತೆ, ತೊಗಲು ಜಾರುತ್ತೆ, ದೋಣಿ ಸುಮ್ಮನೆ ಸುತ್ತಿಕೊಂಡು ಪಕ್ಕಕ್ಕೆ ಸರಿಯುತ್ತೆ. ಮೇಸ್ತ್ರಿ ಹೇಳಿದ್ದೂ ಇದನ್ನೇ ತಾನೆ? ಇದಕ್ಕೆ ಸೇವೆಯೂ ಬೇಕು. ದಾಟಿ ಮುಗಿದ ಮೇಲೆ ಮಗುಚಿ ಒಣಗಿಸದಿದ್ರೆ ತೊಗಲು ಕೊಳೆಯುತ್ತೆ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂದಿದೆ. ಬಿದಿರಿನ ಹೆಣಿಗೆ ಮಾತ್ರ ಹಾಗೇ ಇದೆ.

1800ರಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿಯೂ ತುಂಗಭದ್ರೆ ದಾಟೋಕೆ ಇಂಥ ಬುಟ್ಟಿ ದೋಣಿಗಳನ್ನೇ ನೆಚ್ಚಿಕೊಂಡ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ ಸೋಲಿಸಿದ ಮನುಷ್ಯ! ಆದ್ರೆ ಆ ಬುಟ್ಟಿ ಹೆಣೆದ ಮೇದಾರರ ಹೆಸರು, ತೊಗಲು ಹದ ಮಾಡಿ ಹೊಲಿದವರ ಹೆಸರು ಅವನ ಕಡತದಲ್ಲೂ ಇಲ್ಲ, ಪಾಯೆಸನ ಪುಸ್ತಕದಲ್ಲೂ ಇಲ್ಲ. ಇತಿಹಾಸ ಬರೆಯೋರು ಸಾಮಾನ್ಯವಾಗಿ ಗಾಡಿ ಕೆಳಗೆ ಮಲಗಿ ನೋಡಲ್ಲ.

ನೆಲದ ಮೇಲಿನ ಕತೆಯೂ ಹೀಗೇ. ಕುದುರೆಗೆ ಒಂದು ಕಾಲಿಗೆ ಒಂದೇ ಲಾಳ. ಎತ್ತಿನ ಗೊರಸು ಸೀಳಿರೋದ್ರಿಂದ ಕಾಲಿಗೆ ಎರಡೆರಡು, ಒಟ್ಟು ಎಂಟು ತುಂಡು ಕಬ್ಬಿಣ. ಅದೂ ಎತ್ತು ಕುದುರೆಯಂತೆ ನಿಂತು ಕಾಲು ಕೊಡಲ್ಲ. ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ ಮೊಳೆ ಹೊಡೀಬೇಕು. ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನ ಕೆಂಪಗೆ ಕಾಯಿಸಿ ಹಾಕಿ, ಕೂಡಲೇ ನೀರು ಸುರಿದು ಬಿಗಿ ಮಾಡ್ತಿದ್ರು. ನಿಮ್ಮಜ್ಜನ ಊರಿನ ಕಮ್ಮಾರಸಾಲೆ ನೆನಪಿದ್ದರೆ ಆ ಸುಯ್ ಅನ್ನೋ ಸದ್ದೂ ನೆನಪಿರುತ್ತೆ.

ಆದರೆ ಅಗಲವಾದ ತಗಡು ಬೇರೆಯೇ ಮಾತು. ಇಲ್ಲಿಗೆ ಕಮಲಾಪುರ ಬರುತ್ತೆ. ಹಂಪಿಗೆ ಹೋಗುವಾಗ ನಾವೆಲ್ಲ ಮ್ಯೂಸಿಯಂ ನೋಡಿ ಮುಂದೆ ಹೋಗಿಬಿಡ್ತೀವಲ್ಲ, ಆ ಕಮಲಾಪುರ. ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳಿಗೆ ಈ ಊರು ಹೆಸರಾಗಿತ್ತು. ಅಗಲವಾದ, ಆಳವಿಲ್ಲದ ಕಬ್ಬಿಣದ ಪಾತ್ರೆಗಳು. ಸುತ್ತಲೂ ಕಾಲುವೆ ನೀರು, ಕಬ್ಬು, ಆಲೆಮನೆ ಇದ್ದ ಸೀಮೆಯಲ್ಲಿ ಗಿರಾಕಿಗಳಿಗೇನು ಕೊರತೆ? ಹೊಸಪೇಟೆ ಪಕ್ಕದ ಜಂಬುನಾಥ ಬೆಟ್ಟದಿಂದ ಅದಿರು ತಂದು, ಕಮ್ಮಾರರು ತಾವೇ ಕರಗಿಸಿ ಕಬ್ಬಿಣ ತೆಗೀತಿದ್ರು. ಇದ್ದಿಲ ಕುಲುಮೆಯಿಂದ ಬರೋದು ಕಿಟ್ಟ ಬೆರೆತ ಉಂಡೆ. ಅದನ್ನ ಬಡಿದು, ಕಾಯಿಸಿ, ಒಂದಕ್ಕೊಂದು ಬೆಸೆದು, ಮತ್ತೆ ಬಡಿದು ಅಗಲ ಮಾಡಬೇಕು. ಅಂಥ ಒಂದು ತಗಡಿನ ಹಿಂದೆ ಎಷ್ಟು ಮರ ಉರಿದಿರಬೇಕು, ಎಷ್ಟು ರಟ್ಟೆ ಸೋತಿರಬೇಕು!

ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಇದು ನಿಂತೇ ಹೋಯ್ತು. 1904ರ ಬಳ್ಳಾರಿ ಗೆಜೆಟಿಯರ್ ಇದನ್ನ ತೀರಾ ತಣ್ಣಗೆ ದಾಖಲಿಸುತ್ತೆ: ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದು ಊರ ಕಬ್ಬಿಣವನ್ನ ಪೂರ್ತಿ ಹೊರಹಾಕಿದೆ, ಕೊಪ್ಪರಿಗೆ ಮಾಡೋ ಕೆಲಸವೇನೋ ಉಳಿದಿದೆ, ಆದರೆ ಹೊರಗಿನ ತಗಡಿನಲ್ಲಿ; ಕಬ್ಬಿಣ ಕರಗಿಸ್ತಿದ್ದವರು ಬೇರೆ ಕೆಲಸ ಹಿಡಿದಿದ್ದಾರೆ. 1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂದಿತ್ತು. ಸಾವಿರಾರು ಮೈಲಿ ದೂರದಲ್ಲಿ ಉಗಿಯಂತ್ರದ ರೋಲರಿನಲ್ಲಿ ಲಟ್ಟಿಸಿದ ಒಂದೇ ದಪ್ಪದ ತಗಡು, ಅದಿರಿನ ಬೆಟ್ಟದ ಬುಡಕ್ಕೇ ಬಂದು ಅಲ್ಲಿನ ಕಬ್ಬಿಣಕ್ಕಿಂತ ಅಗ್ಗಕ್ಕೆ ಮಾರಾಟವಾಯ್ತು. ಇದರಲ್ಲಿ ಬರೀ ಮೋಸ ಹುಡುಕೋಕೆ ಆಗಲ್ಲ. ಕೊಪ್ಪರಿಗೆ ಮಾಡುವವನಿಗೆ ಒಳ್ಳೇ ತಗಡು ಸುಲಭವಾಗಿ ಸಿಕ್ಕಿತು ಅನ್ನೋದೂ ನಿಜ. ಆದರೆ ಕಲ್ಲಿನಿಂದ ಕಬ್ಬಿಣ ತೆಗೆಯುವ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಕೈಯಿಂದ ಜಾರಿಹೋಯ್ತು. ಆಮೇಲೆ ಈ ಸೀಮೆಗೆ ಉಳಿದಿದ್ದು ಅಗೆಯೋ ಕೆಲಸ.

ಅಗೆತದ ಕತೆ ನಿಮಗೆ ಗೊತ್ತು. 2000ದ ನಂತರ ಚೀನಾಕ್ಕೆ ಅದಿರು, ಹೊಸಪೇಟೆ-ಸಂಡೂರು ರಸ್ತೆಯ ಲಾರಿಗಳ ಸಾಲು, ಮರಗಿಡಗಳಿಗೆಲ್ಲ ಕೆಂಪು ಬಣ್ಣ, ಲೋಕಾಯುಕ್ತ ವರದಿ, 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ತಡೆ. ಅದೇ ಜುಲೈನಲ್ಲೇ ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿಗಳನ್ನ ಜೆಸಿಬಿ ಬಂದು ಕೆಡವಿತು. ಒಂದೇ ತಿಂಗಳಲ್ಲಿ ಬೆಟ್ಟ ಅಗೆಯೋದು ನಿಂತಿತು, ಬಜಾರಿನ ಬದುಕೂ ನಿಂತಿತು. ಅದರ ಬಗ್ಗೆ ಬೇರೆಯೇ ಬರೀಬೇಕು.

ಮೋಟಾರಿನ ಕಡೆಯ ಇತಿಹಾಸ ಚಿಕ್ಕದು. 1941ರ ವಿಲ್ಲಿಸ್ ಯುದ್ಧದ ಜೀಪಿಗೇ ಗೇರು ಪೆಟ್ಟಿಗೆಯ ಕೆಳಗೆ ರಕ್ಷೆಯ ತಗಡಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರಾದವರು ಆ ವಂಶದ ಜೀಪನ್ನ ಇಲ್ಲಿ ಜೋಡಿಸೋಕೆ ಶುರು ಮಾಡಿದ್ರು. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್ ಭಾಗಗಳಿಂದ ಮರಳ ಬಗ್ಗಿ ಮಾಡಿದ; 1967ರಲ್ಲಿ ಬಾಹಾ ಮರುಭೂಮಿ ಓಟ ಬಂತು. ಮರಳಿನಲ್ಲಿ ಹುಟ್ಟಿದ ಗಾಡಿಯನ್ನ ಹಂಪಿ ಕಡೆಯ ಬಂಡೆಗೆ ತಂದವರು ನಾವು. (ಹಂಪಿಯ ಸ್ಮಾರಕಗಳ ನಡುವೆ ಮಾತ್ರ ಇಂಥ ಗಾಡಿ ನುಗ್ಗಿಸಬೇಡಿ ಮಾರಾಯ್ರೇ. ಅಲ್ಲಿ ನಮ್ಮ ಗಾಡಿಗಿಂತ ನೆಲದ ಹೊಟ್ಟೆ ನಾಜೂಕು. ವಿಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ಕೂತು ಹೋಗಿ.)

ಸಂಜೆ ಹೊತ್ತಿಗೆ ತಗಡು ತಯಾರಾಯ್ತು. ಉಕ್ಕು ಎಲ್ಲಿಯದು ಅಂತ ಕೇಳಿದೆ. ತೋರಣಗಲ್ಲಿನದು ಅಂದ್ರು ಮೇಸ್ತ್ರಿ, ಅಲ್ಲಿಯದು ಬಿಟ್ಟು ಇನ್ನೆಲ್ಲಿಯದು ಅನ್ನೋ ಧಾಟಿಯಲ್ಲಿ. 1971ರಲ್ಲಿ ಇಂದಿರಾ ಗಾಂಧಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿ, ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಖಾಲಿ ಬಿದ್ದಿದ್ದ ಜಾಗ ಅದು. 1994ರ ನಂತರ ಜಿಂದಾಲ್ ಬಂತು. ಅಂದ್ರೆ ಕಮಲಾಪುರದ ಕುಲುಮೆ ಆರಿ ನೂರು ವರ್ಷದ ಮೇಲೆ ಈ ಸೀಮೆಯಲ್ಲಿ ಮತ್ತೆ ತಗಡು ಹುಟ್ಟೋಕೆ ಶುರುವಾಯ್ತು, ಈ ಸಲ ಮೈಲಿಗಟ್ಟಲೆ ಉದ್ದದ ಸುರುಳಿಗಳಲ್ಲಿ. ಆ ಸುರುಳಿಯ ಒಂದು ಚೂರಿಗೆ ಮೇಸ್ತ್ರಿ ಮೂತಿ ಬಾಗಿಸಿದ್ದು ಮಾತ್ರ ಕೈಯಲ್ಲೇ, ಗ್ಯಾಸಿನಲ್ಲಿ ಕಾಯಿಸಿ, ಹಳೇ ರೈಲು ಹಳಿಯ ತುಂಡಿನ ಮೇಲಿಟ್ಟು ಬಡಿದು.

ಮೂರು ವಾರ ಬಿಟ್ಟು ಗೆಳೆಯ ಒಂದು ಫೋಟೋ ಕಳಿಸಿದ. ಗಾಡಿ ಕೆಳಗೆ ಅಂಗಾತ ಮಲಗಿ ತೆಗೆದದ್ದು. ತಗಡಿನ ತುಂಬಾ ಮುಂದಿನಿಂದ ಹಿಂದಕ್ಕೆ ಬೆಳ್ಳಗಿನ ಗೀರುಗಳು, ಒಂದು ಕಡೆ ಅಂಗೈಯಷ್ಟು ತಗ್ಗು. ಆಯಿಲ್ ಎಲ್ಲೂ ಜಿನುಗಿರಲಿಲ್ಲ. ಹಿಂದಿನ ಎರಡು ಬೋಲ್ಟ್ ಸಡಿಲ ಆಗಿವೆ, ಮುಂದಿನ ಭಾನುವಾರ ಹೊಸಪೇಟೆಗೆ ಬರ್ತೀಯಾ ಅಂತ ಕೇಳಿದ್ದ.