ಪಿಸಂಕ: ಮೊಟ್ಟೆಯ ಮೇಲಿನ ಬರವಣಿಗೆ

ಉಕ್ರೇನಿನ ಮನೆಗಳಲ್ಲಿ ಈಸ್ಟರ್ ಹಬ್ಬಕ್ಕೆಂದು ಜೇನುಮೇಣ ಮತ್ತು ಬಣ್ಣಗಳಿಂದ ಸಿಂಗರಿಸುವ ಹಸಿ ಮೊಟ್ಟೆಗೆ ಪಿಸಂಕ ಎಂದು ಹೆಸರು. ‘ಬರೆ’ ಎಂಬ ಅರ್ಥದ ಕ್ರಿಯಾಪದದಿಂದ ಈ ಹೆಸರು ಹುಟ್ಟಿದೆ. ಅಲ್ಲಿನವರು ಪಿಸಂಕಕ್ಕೆ ಬಣ್ಣ ಹಚ್ಚುತ್ತೇವೆ ಎನ್ನದೆ ಪಿಸಂಕ ಬರೆಯುತ್ತೇವೆ ಎನ್ನುತ್ತಾರೆ. ಚಿತ್ರವನ್ನೂ ಹಸೆಯನ್ನೂ ‘ಬರೆಯುವ’ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಯಿಸಿ ಒಂದೇ ಬಣ್ಣದಲ್ಲಿ ಅದ್ದಿದ ಮೊಟ್ಟೆ ಕ್ರಾಶಂಕ, ಅದು ತಿನ್ನುವುದಕ್ಕೆ. ಬಣ್ಣದ ಮೇಲೆ ಚೂಪು ಮೊನೆಯಿಂದ ಕೆರೆದು ಚಿತ್ತಾರ ತೆಗೆದರೆ ಅದು ದ್ರಾಪಂಕ. ಪಿಸಂಕವನ್ನು ಯಾರೂ ತಿನ್ನುವುದಿಲ್ಲ.

ಚಿಪ್ಪು ಒಡೆಯುವ ವಸ್ತು. ಹಾಗಾಗಿ ಇದರ ಹಳೆಯ ಕುರುಹುಗಳು ಬಹಳ ವಿರಳ. ಕೀವ್ ರಾಜ್ಯದ ಕಾಲದ, ಎಂದರೆ ಸುಮಾರು 11ರಿಂದ 13ನೇ ಶತಮಾನದ, ಮೆರುಗು ಹಾಕಿ ಸುಟ್ಟ ಪುಟ್ಟ ಮಣ್ಣಿನ ಮೊಟ್ಟೆಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು ಸ್ಕ್ಯಾಂಡಿನೇವಿಯದವರೆಗೂ ಹೋಗಿದ್ದವು. ನಿಜವಾದ ಚಿಪ್ಪಿನ ಮಾತಿಗೆ ಬಂದರೆ, 2013ರಲ್ಲಿ ಲ್ವಿವ್ ನಗರದ ಉತ್ಖನನದಲ್ಲಿ ದೊರೆತ ಹೆಬ್ಬಾತಿನ ಮೊಟ್ಟೆ ಮುಖ್ಯವಾದದ್ದು. ಅದು 15-16ನೇ ಶತಮಾನದ್ದು. ಐನೂರು ವರ್ಷ ಮಣ್ಣಿನಡಿ ಉಳಿದ ಒಂದು ಚಿಪ್ಪು, ಯಾವ ಅರಮನೆಯ ನಿಧಿಗೂ ಕಡಿಮೆಯದಲ್ಲ.

ಕ್ರೈಸ್ತಧರ್ಮ ಬರುವ ಮುಂಚೆ ವಸಂತದ ಸೂರ್ಯನಿಗೆ ಸಂಬಂಧಿಸಿದ್ದ ಗುರುತುಗಳು ಮುಂದೆ ಯೇಸುವಿನ ಪುನರುತ್ಥಾನದ ಅರ್ಥವನ್ನೂ ತಳೆದವೆಂದು ಜಾನಪದ ವಿದ್ವಾಂಸರು ಹೇಳುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ, ಕೋಳಿಗಳಂತೂ ಇಡುವುದನ್ನು ನಿಲ್ಲಿಸುತ್ತಿರಲಿಲ್ಲ. ಬರೆಯುವ ಕೆಲಸ ಆ ವಾರಗಳಲ್ಲೇ ಸಾಗುತ್ತಿತ್ತು.

ಬರೆಯುವುದು ಹೆಂಗಸರ ಕೆಲಸ. ಮಕ್ಕಳು ಮಲಗಿದ ಮೇಲೆ, ರಾತ್ರಿ, ತಾಯಿ ಮತ್ತು ಹೆಣ್ಣುಮಕ್ಕಳು ದೀಪದ ಮುಂದೆ ಕೂರುತ್ತಿದ್ದರು. ಕೋಲಿನ ತುದಿಗೆ ಲೋಹದ ಪುಟ್ಟ ಆಲಿಕೆ ಕಟ್ಟಿದ ‘ಕಿಸ್ತ್ಕ’ ಅವರ ಲೇಖನಿ. ಅದನ್ನು ಉರಿಗೆ ಹಿಡಿದು, ಕರಗಿದ ಜೇನುಮೇಣದಿಂದ ಬಿಳಿ ಚಿಪ್ಪಿನ ಮೇಲೆ ಗೆರೆ ಎಳೆಯಬೇಕು. ಬಿಳಿಯಾಗಿಯೇ ಉಳಿಯಬೇಕಾದ ಭಾಗ ಮೊದಲು ಮುಚ್ಚುತ್ತದೆ. ಆಮೇಲೆ ಹಳದಿಯಲ್ಲಿ ಅದ್ದಿ, ಹಳದಿಯಾಗಿ ಉಳಿಯಬೇಕಾದ ಕಡೆ ಮತ್ತೆ ಮೇಣ; ಹೀಗೆ ಕಿತ್ತಳೆ, ಕೆಂಪು, ಕೊನೆಗೆ ಕಪ್ಪು. ಬಾಟಿಕ್ ಬಟ್ಟೆಯ ತತ್ವವೂ ಇದೇ. ಈರುಳ್ಳಿ ಸಿಪ್ಪೆ, ಆಕ್ರೋಟಿನ ಹೊರಸಿಪ್ಪೆ, ಸೇಬಿನ ತೊಗಟೆಗಳಿಂದ ಮನೆಯಲ್ಲೇ ಬಣ್ಣ ತೆಗೆಯುತ್ತಿದ್ದರು. ಕೊನೆಯವರೆಗೂ ಮೊಟ್ಟೆ ಕಪ್ಪು ಮೇಣ ಮೆತ್ತಿದ ಉಂಡೆಯಂತೆ ಕಾಣುತ್ತದೆ. ಮೇಣದಬತ್ತಿಯ ಪಕ್ಕಕ್ಕೆ ಹಿಡಿದು, ಬೆಚ್ಚಗಾದ ಮೇಣವನ್ನು ಬಟ್ಟೆಯಿಂದ ಒರೆಸಿದಾಗಷ್ಟೇ ಬಣ್ಣಗಳೆಲ್ಲ ಹೊರಬರುತ್ತವೆ. ಬರೆದವಳೂ ತನ್ನ ಬರಹವನ್ನು ಪೂರ್ತಿಯಾಗಿ ನೋಡುವುದು ಆಗಲೇ.

ಮೊಟ್ಟೆಯ ಮೈಯನ್ನು ನಲವತ್ತು ತ್ರಿಕೋನಗಳಾಗಿ ಹಂಚುವ ಮಾದರಿ, ಮೊದಲೂ ಕೊನೆಯೂ ಇಲ್ಲದ ಅಲೆಗೆರೆ, ಜಿಂಕೆ, ಮೀನು, ಗೋಧಿತೆನೆ ಇವು ಪ್ರಸಿದ್ಧ. ಚರ್ಚಿನಲ್ಲಿ ಆಶೀರ್ವಾದ ಪಡೆದ ಪಿಸಂಕಗಳನ್ನು ಬಂಧುಗಳಿಗೆ, ಧರ್ಮಮಕ್ಕಳಿಗೆ ಕೊಡುತ್ತಾರೆ; ಸತ್ತವರ ಸಮಾಧಿಯ ಮೇಲೂ ಇಡುತ್ತಾರೆ. ಕಾರ್ಪೇಥಿಯನ್ ಬೆಟ್ಟಗಳ ಹುತ್ಸುಲ್ ಜನರಲ್ಲಿ ಒಂದು ಕಥೆಯಿದೆ: ಬಂಡೆಗೆ ಸಂಕೋಲೆಯಿಂದ ಕಟ್ಟಿಹಾಕಿದ ದುಷ್ಟಶಕ್ತಿಯೊಂದು ಪ್ರತಿವರ್ಷ ಜಗತ್ತಿನಲ್ಲಿ ಎಷ್ಟು ಪಿಸಂಕ ಬರೆದರೆಂದು ವಿಚಾರಿಸುತ್ತದಂತೆ. ಹೆಚ್ಚಿದ್ದರೆ ಸಂಕೋಲೆ ಬಿಗಿಯುತ್ತದೆ, ಕಡಿಮೆಯಾದರೆ ಸಡಿಲವಾಗುತ್ತದೆ.

ಲುಬ್ನಿಯ ಬಳಿ ಕಟೆರಿನಾ ಸ್ಕರ್ಜಿನ್‌ಸ್ಕಾ ಕಟ್ಟಿದ ಖಾಸಗಿ ವಸ್ತುಸಂಗ್ರಹಾಲಯದ ಪಿಸಂಕಗಳನ್ನು ಸೆರ್ಹಿ ಕುಲ್ಜಿನ್‌ಸ್ಕಿ 1899ರಲ್ಲಿ ವಿವರವಾದ ಪಟ್ಟಿಯಾಗಿ ಪ್ರಕಟಿಸಿದ. ಸೋವಿಯತ್ ಆಳ್ವಿಕೆಯಲ್ಲಿ ಮತದ ಆಚರಣೆಯೆಂದು ಇದನ್ನು ಹತ್ತಿಕ್ಕಲಾಯಿತು, ಹಲವು ಸಂಗ್ರಹಗಳು ನಾಶವಾದವು. ಬೆಟ್ಟದ ಹಳ್ಳಿಗಳಲ್ಲಿ ಅಜ್ಜಿಯರು ಗುಟ್ಟಾಗಿ ಬರೆಯುತ್ತಲೇ ಇದ್ದರು. 1891ರಿಂದ ಕೆನಡಾದ ಹುಲ್ಲುಗಾವಲುಗಳಿಗೆ ವಲಸೆ ಹೋದವರ ಅಡುಗೆಮನೆಗಳಲ್ಲೂ ಅದು ಉಳಿಯಿತು. ಆಲ್ಬರ್ಟಾ ಪ್ರಾಂತ್ಯದ ವೆಗ್ರೆವಿಲ್ ಊರಿನಲ್ಲಿ 1975ರಲ್ಲಿ ನಿಂತ ಭಾರಿ ಅಲ್ಯೂಮಿನಿಯಂ ಪಿಸಂಕವನ್ನು ಗಣಕ ವಿಜ್ಞಾನಿ ರೊನಾಲ್ಡ್ ರೆಶ್ ರೂಪಿಸಿದರು. ಅದು ಗಾಳಿಗೆ ತಿರುಗುತ್ತದೆ. ಉಕ್ರೇನಿನ ಕೊಲೊಮಿಯದಲ್ಲಿ 2000ದಲ್ಲಿ ಪಿಸಂಕ ವಸ್ತುಸಂಗ್ರಹಾಲಯಕ್ಕೆಂದು ಮೊಟ್ಟೆಯಾಕಾರದ ಕಟ್ಟಡವೇ ಎದ್ದಿತು. 2024ರ ಡಿಸೆಂಬರಿನಲ್ಲಿ ಉಕ್ರೇನ್ ಮತ್ತು ಎಸ್ಟೋನಿಯಗಳ ಹೆಸರಿನಲ್ಲಿ ಈ ಕಲೆ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ.

ಈಗ ಅನೇಕರು ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ತೆಗೆಯುತ್ತಾರೆ. ಹಳೆಯ ಪದ್ಧತಿಯವರು ಹಾಗೇ ಬಿಡುತ್ತಾರೆ. ಲೋಳೆ ವರ್ಷಗಟ್ಟಲೆ ನಿಧಾನವಾಗಿ ಒಣಗಿ, ಮೊಟ್ಟೆಯನ್ನು ಮೆಲ್ಲಗೆ ಅಲುಗಿಸಿದರೆ ಗಟ್ಟಿಯಾದ ಹಳದಿ ಒಳಗೆ ಗಲಗಲ ಎನ್ನುತ್ತದೆ.