ಮೈಸೂರು ಪೇಟೆ ಪ್ರದೇಶದ ಪಾರಂಪರಿಕ ಕಟ್ಟಡಗಳು

ಮೈಸೂರು ಅರಮನೆಯ ಉತ್ತರ ಮತ್ತು ವಾಯವ್ಯಕ್ಕೆ, ದೊಡ್ಡ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗಿನ ವಾಣಿಜ್ಯ ಪ್ರದೇಶದಲ್ಲಿರುವ ಹಳೆಯ ಸಾರ್ವಜನಿಕ ಕಟ್ಟಡಗಳು. ಅರಮನೆಯ ಬಗ್ಗೆ ಬರಹಗಳಿಗೆ ಬರವಿಲ್ಲ: 1897ರಲ್ಲಿ ಹಳೆಯದು ಸುಟ್ಟುಹೋಯಿತು, ಹೆನ್ರಿ ಇರ್ವಿನ್ ವಿನ್ಯಾಸದ ಹೊಸದು 1912ರಲ್ಲಿ ಮುಗಿಯಿತು. ಪೇಟೆಯ ಚರಿತ್ರೆ ಅಷ್ಟು ನಿಚ್ಚಳವಾಗಿಲ್ಲ.

1881ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರಿಂದ ಒಡೆಯರಿಗೆ ಮರಳಿದ ಮೇಲೆ ಕಟ್ಟಡಗಳ ಸರಣಿ ಶುರುವಾಯಿತು. ದಿವಾನ್ ರಂಗಾಚಾರ್ಲು ಸ್ಮಾರಕವಾಗಿ 1884ರಲ್ಲಿ ಪುರಭವನ, ವೈಸರಾಯ್ ಡಫರಿನ್ ಭೇಟಿಯ ನೆನಪಿಗೆ 1886ರಲ್ಲಿ ಚಿಕ್ಕ ಗಡಿಯಾರ, ಇನ್ನೊಬ್ಬ ವೈಸರಾಯ್ ಹೆಸರಿನಲ್ಲಿ 1892ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಎದ್ದವು. ಪ್ಲೇಗ್ ಹಾವಳಿಯ ಬಳಿಕ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಇದು ದೇಶದಲ್ಲೇ ಮೊದಲನೆಯದು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂದಿದೆ. ಮುಂಬಯಿಯಲ್ಲಿ ಅಂಥದೇ ಮಂಡಳಿ 1898ರಲ್ಲೇ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಎತ್ತರ 75 ಅಡಿ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು.

ಗೊಂದಲ ಹೆಚ್ಚಿರುವುದು ದೇವರಾಜ ಮಾರುಕಟ್ಟೆಯ ವಯಸ್ಸಿನ ಬಗ್ಗೆ. ಟಿಪ್ಪು ಕಾಲದ ಸಂತೆಯೇ ಇದರ ಮೂಲ ಎಂದು ಕೆಲವರು, ಹತ್ತೊಂಬತ್ತನೆಯ ಶತಮಾನದ ಕೊನೆಯದೆಂದು ಕೆಲವರು, 1925ರದೆಂದು ಇನ್ನು ಕೆಲವರು. ಸಂತೆ ಸೇರುತ್ತಿದ್ದ ಜಾಗ, ಮೊದಲ ಮಳಿಗೆಗಳು, ಇಂದು ಕಾಣುವ ಕಟ್ಟಡ, ಈ ಮೂರನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ಬಹುಪಾಲು ಗೊಂದಲ ಹುಟ್ಟಿದಂತಿದೆ. ಸಯ್ಯಾಜಿರಾವ್ ರಸ್ತೆಗೆ ಮುಖಮಾಡಿದ ಹೊರಸಾಲಿನ ಮಳಿಗೆಗಳೇ ಮಾರುಕಟ್ಟೆಯ ಗೋಡೆ. ಕಮಾನು ಬಾಗಿಲು ದಾಟಿದರೆ ಹೂವು, ಹಣ್ಣು, ವೀಳ್ಯದೆಲೆಯ ಸಾಲುಗಳು, ತಟ್ಟೆಗಳಲ್ಲಿ ಗೋಪುರದಂತೆ ಒಟ್ಟಿದ ಕುಂಕುಮ.

ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳ ಮೇಲಿನ ಮದ್ರಾಸ್ ತಾರಸಿ ಆ ಕಾಲದ ಕಟ್ಟಡಗಳ ವಾಡಿಕೆ. ಇಂಥ ಗೋಡೆ ಹೀರಿದ ತೇವವನ್ನು ತಾನೇ ಹೊರಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗಾರೆ ಸಡಿಲಗೊಳ್ಳುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಬಿರುಕಿನಲ್ಲಿ ಬೇರುಬಿಟ್ಟ ಅರಳಿಸಸಿ ಉಳಿದದ್ದನ್ನು ಮುಗಿಸುತ್ತದೆ. ದುರಸ್ತಿಯೇ ಎಷ್ಟೋ ಕಟ್ಟಡಗಳಿಗೆ ಮುಳುವಾದದ್ದು ಹೀಗೆ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ, ನವೀಕರಣ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಪೇಟೆಯ ಇತ್ತೀಚಿನ ಚರಿತ್ರೆಯಲ್ಲಿ ತಿರುವು ಎನ್ನಬಹುದಾದವು ಈ ಎರಡೇ. ಎರಡೂ ಕಟ್ಟಡಗಳನ್ನು ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆಂದು ಒಂದು ಪಕ್ಷ, ಬಲಪಡಿಸಿ ಉಳಿಸಬಹುದೆಂದು ಪರಂಪರೆ ತಜ್ಞರು ಹಾಗೂ ಪರಂಪರೆಯ ಉಳಿವಿಗೆ ದುಡಿಯುವ ಇಂಟಾಕ್ ಸಂಸ್ಥೆ. ವ್ಯಾಜ್ಯ ಹೈಕೋರ್ಟಿಗೂ ಹೋಯಿತು. ತಾತ್ಕಾಲಿಕವಾಗಿ ಬಿಟ್ಟುಕೊಟ್ಟ ಮಳಿಗೆ ಮತ್ತೆ ಕೈಗೆ ಸಿಗುವುದೇ ಎಂಬ ಬಾಡಿಗೆದಾರರ ಅಳುಕು, ಕೆಡವಬೇಕೇ ಉಳಿಸಬೇಕೇ ಎಂಬ ಚರ್ಚೆಯಷ್ಟೇ, ಕೆಲಸವನ್ನು ತಡೆದು ನಿಲ್ಲಿಸಿತು.